ಸ್ಟುಡಿಯೊಗೆ ಯಾವುದು, ಸುದ್ದಿಗೆ ಯಾವುದು: ಕ್ಯಾಮ್‌ಕಾರ್ಡರ್ ಮತ್ತು ಲೆನ್ಸ್ ಆರಿಸುವ ಬಗೆ

ಕ್ಯಾಮ್‌ಕಾರ್ಡರ್ ಕೊಳ್ಳುವ ಮಾತು ಬಂದರೆ ಎಲ್ಲರೂ ಬಾಡಿಯಿಂದಲೇ ಶುರು ಮಾಡುತ್ತಾರೆ. 4ಕೆ ಇದೆಯೇ, 10 ಬಿಟ್ಟೇ, ಯಾವ ಕಾರ್ಡು? ಲೆನ್ಸಿನ ಸರದಿ ಬರುವಷ್ಟರಲ್ಲಿ ಬಜೆಟ್ ಮುಗಿದಿರುತ್ತದೆ. ಲೆಕ್ಕ ಹೋಗಬೇಕಾದ್ದು ಹಿಂದುಮುಂದಾಗಿ. ಬಾಡಿ ಕೆಲವೇ ವರ್ಷಗಳಲ್ಲಿ ಹಳತಾಗುತ್ತದೆ, ಅದರ ಕಾರ್ಡು, ಕೋಡೆಕ್ (ವಿಡಿಯೊವನ್ನು ಕುಗ್ಗಿಸಿ ಉಳಿಸುವ ಬಗೆ) ಎಲ್ಲವೂ ಜೊತೆಗೇ ಹಳತಾಗುತ್ತವೆ. ಬಿ4 ಮೌಂಟಿನ (2/3 ಇಂಚಿನ ಪ್ರಸಾರ ಕ್ಯಾಮೆರಾಗಳಿಗೆ ಲೆನ್ಸ್ ಸಿಕ್ಕಿಸುವ ಜೋಡಣೆ) ಒಂದು ಒಳ್ಳೆಯ ಲೆನ್ಸ್ ಮಾತ್ರ ಬಾಡಿ ಎರಡು ಸಲ ಬದಲಾದರೂ ಅಲ್ಲೇ ಇರುತ್ತದೆ. ಹಾಗಾಗಿ ಮೊದಲು ಕೆಲಸ ಯಾವುದೆಂದು ಗೊತ್ತುಮಾಡಿಕೊಳ್ಳಿ, ಆಮೇಲೆ ಲೆನ್ಸ್, ಆಮೇಲೆ ಕ್ಯಾಮೆರಾದಿಂದ ಪಿಸಿಆರ್‌ವರೆಗಿನ (ಪ್ರೊಡಕ್ಷನ್ ಕಂಟ್ರೋಲ್ ರೂಮ್) ತಂತಿ. ಬಾಡಿ ಕೊನೆಗೆ.

ಸ್ಟುಡಿಯೊ ಮತ್ತು ಸುದ್ದಿ, ಎರಡಕ್ಕೂ ಒಂದೇ ಕ್ಯಾಮೆರಾ ಸಾಲದೇ ಎಂಬ ಪ್ರಶ್ನೆ ಬಂದೇ ಬರುತ್ತದೆ. ಸಾಲುತ್ತದೆ, ಆದರೆ ಯಾವುದರಲ್ಲಿ ಎಷ್ಟು ಬಿಟ್ಟುಕೊಡುತ್ತಿದ್ದೇವೆಂದು ಗೊತ್ತಿರಬೇಕು. ಸುದ್ದಿಯಲ್ಲಿ ಕ್ಯಾಮೆರಾಮನ್ನೇ ಐರಿಸ್ (ಲೆನ್ಸಿನೊಳಗೆ ಬೆಳಕು ಬಿಡುವ ಕಿಂಡಿ), ಫೋಕಸ್, ಆಡಿಯೊ ಎಲ್ಲ ನೋಡಿಕೊಳ್ಳುತ್ತಾನೆ. ಕಾರಿನಿಂದ ಇಳಿದು ಓಡುತ್ತಲೇ ಕ್ಯಾಮೆರಾ ಆನ್ ಆಗಬೇಕು. ಸ್ಟುಡಿಯೊದಲ್ಲಿ ಕ್ಯಾಮೆರಾ ಹಿಡಿದವನು ಐರಿಸ್ ಮುಟ್ಟುವುದೇ ಇಲ್ಲ. ಅದು ಪಿಸಿಆರ್‌ನಲ್ಲಿ ಕುಳಿತ ಎಂಜಿನಿಯರ್ ಕೈಯಲ್ಲಿರುತ್ತದೆ, ಮೂರು ಕ್ಯಾಮೆರಾದ ಮುಖದ ಬಣ್ಣ ಒಂದೇ ಇರಬೇಕಾದ್ದೂ ಅವರ ತಲೆನೋವು.

ಮೂರು ಬಗೆಯ ಬಾಡಿ

ಹೆಗಲ ಮೇಲೆ ಕೂರುವ 2/3 ಇಂಚಿನ ಮೂರು ಚಿಪ್ಪಿನ (ಕೆಂಪು, ಹಸಿರು, ನೀಲಿಗೆ ಒಂದೊಂದು ಸೆನ್ಸರ್) ಕ್ಯಾಮೆರಾ ಒಂದು ಬಗೆ: ಸೋನಿಯ ಪಿಎಕ್ಸ್‌ಡಬ್ಲ್ಯು-ಎಕ್ಸ್400, 4ಕೆ ಬೇಕಾದವರಿಗೆ ಝಡ್750 ಇಂಥವು. ಲೆನ್ಸ್ ಬದಲಿಸಬಹುದು. ಲೆನ್ಸ್, ಬ್ಯಾಟರಿ, ಮೈಕ್ ಸೇರಿದರೆ ಆರೇಳು ಕೆಜಿ ತೂಗುತ್ತದೆ. ಎರಡನೆಯದು ಕೈಯಲ್ಲಿ ಹಿಡಿಯುವ ಮೂರು ಚಿಪ್ಪಿನದು, ಲೆನ್ಸ್ ಬಾಡಿಗೇ ಅಂಟಿಕೊಂಡಿರುತ್ತದೆ. ಸೋನಿ ಝಡ್280ರಲ್ಲಿ ಅರ್ಧ ಇಂಚಿನ ಸೆನ್ಸರ್ ಮತ್ತು 17 ಪಟ್ಟು ಝೂಮ್, ಝಡ್190ರಲ್ಲಿ 1/3 ಇಂಚಿನ ಸೆನ್ಸರ್ ಮತ್ತು 25 ಪಟ್ಟು ಝೂಮ್. ಮೂರನೆಯದು 1 ಇಂಚಿನ ಒಂಟಿ ಸೆನ್ಸರಿನದು: ಪ್ಯಾನಸೋನಿಕ್ ಎಜಿ-ಸಿಎಕ್ಸ್350, ಕ್ಯಾನನ್ ಎಕ್ಸ್‌ಎಫ್605.

ಸಿನಿಮಾ ಕ್ಯಾಮೆರಾಗಳ ಸೂಪರ್ 35 ಸೆನ್ಸರನ್ನು ಇಲ್ಲಿ ಪಕ್ಕಕ್ಕಿಡುತ್ತೇವೆ. ಹಿನ್ನೆಲೆ ಚೆನ್ನಾಗಿ ಮಸುಕಾಗುತ್ತದೆ, ನಿಜ. ಆದರೆ ನೂಕುನುಗ್ಗಲಿನಲ್ಲಿ ಬೈಟ್ (ಕ್ಯಾಮೆರಾ ಮುಂದೆ ಹೇಳಿಕೆ) ಕೊಡುತ್ತಿರುವವರು ಅರ್ಧ ಅಡಿ ಮುಂದೆ ಬಾಗಿದರೂ ಫೋಕಸ್ ತಪ್ಪುತ್ತದೆ. ಬಿ4 ಲೆನ್ಸನ್ನೇ ಅದಕ್ಕೆ ಹಾಕಬೇಕೆಂದರೆ 11 ಮಿ.ಮೀ. ಕರ್ಣದ ಬಿಂಬವನ್ನು ಸುಮಾರು ಎರಡೂವರೆ ಪಟ್ಟು ಹಿಗ್ಗಿಸುವ ಅಡಾಪ್ಟರ್ ಬೇಕು, ಎರಡೂವರೆ ಸ್ಟಾಪಿಗೂ ಹೆಚ್ಚು ಬೆಳಕು ಅಲ್ಲೇ ಹೋಗುತ್ತದೆ (ಒಂದು ಸ್ಟಾಪ್ ಹೋಯಿತೆಂದರೆ ಬೆಳಕು ಅರ್ಧವಾಯಿತು).

ಈ ಮೂರು ಬಗೆಯ ಝೂಮನ್ನು ಹೋಲಿಸುವಾಗ ‘ಇಷ್ಟು ಪಟ್ಟು’ ಎಂಬ ಸಂಖ್ಯೆ ನೋಡಬೇಡಿ. ಎಲ್ಲದರ ಫೋಕಲ್ ಲೆಂತನ್ನೂ (ಮಿ.ಮೀ. ಹೆಚ್ಚಿದಷ್ಟೂ ದೂರದ್ದು ದೊಡ್ಡದಾಗಿ ಕಾಣುತ್ತದೆ) 35 ಮಿ.ಮೀ. ಸ್ಟಿಲ್ ಕ್ಯಾಮೆರಾದ ಅಳತೆಗೆ ತನ್ನಿ. ಝಡ್190 28.8ರಿಂದ 720 ಮಿ.ಮೀ.; ಝಡ್280 30.3ರಿಂದ 515, ಸಿಎಕ್ಸ್350 24.5ರಿಂದ 490, ಎಕ್ಸ್‌ಎಫ್605 25.5ರಿಂದ 382.5. 2/3 ಇಂಚಿನ ಕ್ಯಾಮೆರಾದ ಬಿ4 ಲೆನ್ಸಿಗೆ 3.75ರಿಂದ ಗುಣಿಸಿದರಾಯಿತು: 22×7.6 ಲೆನ್ಸ್ (7.6 ಮಿ.ಮೀ.ನಿಂದ ಶುರು, 22 ಪಟ್ಟು ಝೂಮ್) ಸುಮಾರು 28.5ರಿಂದ 627 ಮಿ.ಮೀ. ಎಕ್ಸ್‌ಟೆಂಡರ್ (ಫೋಕಲ್ ಲೆಂತ್ ಇಮ್ಮಡಿಸಲು ಲೆನ್ಸಿನೊಳಗೇ ಇರುವ ಗಾಜು) ಹಾಕಿದರೆ ಇದರ ಎರಡರಷ್ಟು. ಈ ಸಾಲಿನಲ್ಲಿ ಎದ್ದು ಕಾಣುವ ಸಂಗತಿ ಎಂದರೆ, ಎಕ್ಸ್‌ಟೆಂಡರ್ ಹಾಕದಿದ್ದರೆ ಬರೀ ಉದ್ದದ ಲೆಕ್ಕದಲ್ಲಿ ಹೆಗಲ ಕ್ಯಾಮೆರಾಗಿಂತ ಪುಟ್ಟ ಝಡ್190 ಮುಂದಿದೆ. ಅದು ಸೋಲುವುದು ಬೆಳಕು ಕಡಿಮೆಯಾದಾಗ.

ಬೆಳಕಿನ ಲೆಕ್ಕಕ್ಕೆ ಕಂಪನಿಗಳು ಕೊಡುವ ಅಂಕಿ ‘2000 ಲಕ್ಸ್, ಶೇ 89.9 ಪ್ರತಿಫಲನ, ಎಫ್12’ ಎಂಬಂಥದ್ದು. ಎಫ್ ಸಂಖ್ಯೆ ದೊಡ್ಡದಾದಷ್ಟೂ ಐರಿಸ್ ಕಿಂಡಿ ಚಿಕ್ಕದು; ಅಷ್ಟು ಚಿಕ್ಕ ಕಿಂಡಿಯಲ್ಲೂ ಚಿತ್ರ ಸರಿಯಾಗಿ ಬಂದರೆ ಕ್ಯಾಮೆರಾ ಬೆಳಕಿಗೆ ಚುರುಕು ಎಂದರ್ಥ. ಆದರೆ ಪಕ್ಕದಲ್ಲೇ ಇರುವ ನಾಯ್ಸ್ (ಚಿತ್ರದಲ್ಲಿ ಕುಣಿಯುವ ಕಾಳು) ಅಂಕಿಯನ್ನು ನಾಯ್ಸ್ ಸಪ್ರೆಷನ್ ಆನ್ ಮಾಡಿ ಅಳೆದಿದ್ದಾರೆಯೇ ಎಂದು ಅಡಿಟಿಪ್ಪಣಿ ಓದಿ. ಹಾಗಿದ್ದರೆ ಆ ಅಂಕಿಯನ್ನು ಇನ್ನೊಂದು ಕಂಪನಿಯದರ ಜೊತೆ ಇಟ್ಟು ನೋಡುವುದು ವ್ಯರ್ಥ. ಡೆಮೊಗೆ ತಂದಾಗ ಎರಡೂ ಕ್ಯಾಮೆರಾ ಅಕ್ಕಪಕ್ಕ ಇಟ್ಟು, ಒಂದೇ ಮುಖ, ಒಂದೇ ಬೆಳಕು, ಒಂದೇ ಐರಿಸ್‌ನಲ್ಲಿ 0, 6, 12 ಡಿಬಿ ಗೇನ್ (ಸಿಗ್ನಲ್ ಹಿಗ್ಗಿಸಿ ಚಿತ್ರ ಬೆಳಗಿಸುವುದು) ಹಾಕಿ ರೆಕಾರ್ಡ್ ಮಾಡಿ. 6 ಡಿಬಿ ಎಂದರೆ ಒಂದು ಸ್ಟಾಪ್. ಝೂಮ್ ತುದಿಯಲ್ಲೂ ಇದನ್ನೇ ಮಾಡಿ. ಸಿಎಕ್ಸ್350, ಎಕ್ಸ್‌ಎಫ್605 ಎರಡರಲ್ಲೂ ಅಗಲದಲ್ಲಿ ಎಫ್2.8 ಇದ್ದದ್ದು ಟೆಲಿ (ಪೂರ್ತಿ ಝೂಮ್ ಇನ್) ತುದಿಗೆ ಎಫ್4.5 ಆಗುತ್ತದೆ. ಅಂದರೆ ಒಂದೂ ಕಾಲು ಸ್ಟಾಪಿಗೂ ಹೆಚ್ಚು ನಷ್ಟ. ರಾತ್ರಿ ಸುದ್ದಿಯಲ್ಲಿ ಇದು ನೇರವಾಗಿ ನಾಯ್ಸ್ ಆಗಿ ಕಾಣುತ್ತದೆ.

ಲೆನ್ಸಿನ ಮೇಲಿನ ಬರಹ ಓದುವುದು

ಕ್ಯಾನನ್‌ನ ಎಚ್‌ಜೆ22ಇಎಕ್ಸ್7.6ಬಿ ಲೆನ್ಸನ್ನು ತೆಗೆದುಕೊಳ್ಳಿ. 22 ಎಂದರೆ ಝೂಮ್ ಪ್ರಮಾಣ, 7.6 ಎಂದರೆ ಅತಿ ಅಗಲದಲ್ಲಿ ಫೋಕಲ್ ಲೆಂತ್, ಎರಡನ್ನೂ ಗುಣಿಸಿದರೆ ಟೆಲಿ ತುದಿ 167 ಮಿ.ಮೀ. ಈ ಲೆನ್ಸಿನ ಒಳಗೇ 2 ಪಟ್ಟು ಎಕ್ಸ್‌ಟೆಂಡರ್ ಇದೆ. ಕೊನೆಯಲ್ಲಿ ಐಆರ್‌ಎಸ್‌ಇ ಎಂದಿದ್ದರೆ ಝೂಮಿಗೆ ಮಾತ್ರ ಮೋಟಾರ್, ಫೋಕಸ್ ಕೈಯಲ್ಲೇ. ಐಎಎಸ್‌ಇ ಎಂದಿದ್ದರೆ ಫೋಕಸಿಗೂ ಮೋಟಾರ್ ಇದೆ. ಫ್ಯೂಜಿನಾನ್‌ನಲ್ಲಿ ಇದೇ ವ್ಯತ್ಯಾಸ ಬಿಇಆರ್‌ಎಂ ಮತ್ತು ಬಿಇಆರ್‌ಡಿ ಎಂದು ಬರುತ್ತದೆ. ಬಿಆರ್‌ಎಂ ಎಂದಷ್ಟೇ ಇದ್ದರೆ ಎಕ್ಸ್‌ಟೆಂಡರ್ ಇಲ್ಲ.

ಕೊನೆಯ ಈ ಒಂದೆರಡು ಅಕ್ಷರವನ್ನು ಕೊಟೇಶನ್‌ನಲ್ಲಿ ಯಾರೂ ಸರಿಯಾಗಿ ನೋಡುವುದಿಲ್ಲ. ಆಮೇಲೆ ಸ್ಟುಡಿಯೊದಲ್ಲಿ ಟ್ರೈಪಾಡ್ ಹಿಡಿಕೆಗೆ ಫೋಕಸ್ ಕಂಟ್ರೋಲ್ ಹಾಕಲು ಹೋದಾಗ ಗೊತ್ತಾಗುತ್ತದೆ. ಬಿಇಆರ್‌ಎಂ ಅಥವಾ ಐಆರ್‌ಎಸ್‌ಇ ಇದ್ದರೆ ಸೆಮಿ ಸರ್ವೊ ಕಿಟ್ ಬೇಕು: ಝೂಮ್ ವಿದ್ಯುತ್ತಿನಲ್ಲಿ ಓಡುತ್ತದೆ, ಫೋಕಸನ್ನು ಬಾಗುವ ಕೇಬಲ್ ಒಂದು ತಿರುಗಿಸುತ್ತದೆ. ಹಳೆಯ ಕೇಬಲ್ಲಿನಲ್ಲಿ ಸಡಿಲು ಇದ್ದರೆ ಹಿಡಿಕೆ ತಿರುಗಿದ ಮೇಲೆ ಫೋಕಸ್ ತಡವಾಗಿ ಬರುತ್ತದೆ. ಆದರೂ ಕೂತು ಓದುವ ಆ್ಯಂಕರ್‌ಗೆ ಇದು ಧಾರಾಳ ಸಾಕು. ಡ್ಯಾನ್ಸ್, ರಿಯಾಲಿಟಿ ಷೋ, ರೋಬೋಟಿಕ್ ಕ್ಯಾಮೆರಾ ಇದ್ದರೆ ಮಾತ್ರ ಫುಲ್ ಸರ್ವೊಗೆ ದುಡ್ಡು ಹಾಕಿ.

ಅಗಲ ಎಷ್ಟು ಬೇಕು ಎಂಬುದನ್ನು ಟೇಪು ಹಿಡಿದು ಅಳೆಯಿರಿ. 2/3 ಇಂಚಿನ ಸೆನ್ಸರಿನ ಅಗಲ 9.6 ಮಿ.ಮೀ. ಅದನ್ನು ಫೋಕಲ್ ಲೆಂತ್‌ನಿಂದ ಭಾಗಿಸಿ, ಕ್ಯಾಮೆರಾದಿಂದ ಸೆಟ್ಟಿಗಿರುವ ದೂರದಿಂದ ಗುಣಿಸಿದರೆ ಫ್ರೇಮಿನ ಅಗಲ ಸಿಗುತ್ತದೆ. 4 ಮೀಟರ್ ದೂರದಲ್ಲಿ 7.6 ಲೆನ್ಸ್ 5 ಮೀಟರ್ ಸೆಟ್ಟನ್ನು ಹಿಡಿಯುತ್ತದೆ, 8.5 ಲೆನ್ಸ್ ನಾಲ್ಕೂವರೆ ಮೀಟರ್. ಕೋಣೆ ಚಿಕ್ಕದಾಗಿ ದೂರ 3 ಮೀಟರಿಗೆ ಇಳಿದರೆ 7.6ರಲ್ಲಿ 3.8 ಮೀಟರ್ ಮಾತ್ರ, ಅಲ್ಲಿ 4.5 ಲೆನ್ಸ್ ಹಾಕಿದರೆ 6.4 ಮೀಟರ್ ಸಿಗುತ್ತದೆ. ಇನ್ನು ಆ್ಯಂಕರ್ ಮಿಡ್ ಷಾಟಿಗೆ 3.5 ಮೀಟರ್ ದೂರದಿಂದ 1.2 ಮೀಟರ್ ಅಗಲ ಬೇಕೆಂದರೆ 28 ಮಿ.ಮೀ. ಸಾಕು. ಚಿಕ್ಕ ಸ್ಟುಡಿಯೊದಲ್ಲಿ 22 ಪಟ್ಟು ಝೂಮಿನ ಮುಕ್ಕಾಲು ಭಾಗ ಬಳಕೆಗೇ ಬರುವುದಿಲ್ಲ ಎಂಬುದು ಇದರ ಅರ್ಥ. ಮೂರು ಕ್ಯಾಮೆರಾದಲ್ಲಿ ಒಂದಕ್ಕೆ 14×4.5 ಬಗೆಯ ವೈಡ್ ಲೆನ್ಸ್ ಹಾಕಿ, ಉಳಿದೆರಡಕ್ಕೆ ಅಗ್ಗದ 20 ಪಟ್ಟಿನದು ಹಾಕುವುದು ಜಾಣತನ. ವೈಡ್ ಲೆನ್ಸಿನ ಮುಂದೆ ಪ್ರಾಂಪ್ಟರ್ (ಆ್ಯಂಕರ್ ನೋಡಿ ಓದುವ ಪರದೆ) ಇಟ್ಟರೆ ಅದರ ಹುಡ್ಡಿನ ಅಂಚು ಫ್ರೇಮಿನೊಳಗೆ ಬರುತ್ತದೆ. ಪ್ರಾಂಪ್ಟರ್ ಇಲ್ಲದ ಕ್ಯಾಮೆರಾಗೇ ಅದನ್ನು ಕೊಡಿ.

ಸುದ್ದಿಗೆ ಲೆಕ್ಕ ಬೇರೆ. ತಡೆಬೇಲಿಯಿಂದ 50 ಮೀಟರ್ ದೂರದ ಮೆಟ್ಟಿಲ ಮೇಲೆ ನಿಂತವರನ್ನು 167 ಮಿ.ಮೀ.ನಲ್ಲಿ ಹಿಡಿದರೆ ಫ್ರೇಮು 2.9 ಮೀಟರ್ ಅಗಲ, 1.6 ಮೀಟರ್ ಎತ್ತರ: ಮಂಡಿಯಿಂದ ಮೇಲೆ. ಎಕ್ಸ್‌ಟೆಂಡರ್ ಹಾಕಿದರೆ ಸೊಂಟದಿಂದ ಮೇಲೆ. ಅದಕ್ಕೆ ತೆರುವ ಬೆಲೆ ಎರಡು ಸ್ಟಾಪ್. ಸಂಜೆ ಆರೂವರೆಯ ನಂತರ ಎಕ್ಸ್‌ಟೆಂಡರನ್ನು ನಂಬಿಕೊಳ್ಳಬೇಡಿ.

4ಕೆ ಲೆನ್ಸ್ ಬೇಕೇ? 9.6 ಮಿ.ಮೀ.ನಲ್ಲಿ 1920 ಚುಕ್ಕಿ ಹಾಕಿದರೆ ಒಂದೊಂದೂ 5 ಮೈಕ್ರಾನ್, 3840 ಹಾಕಿದರೆ 2.5 ಮೈಕ್ರಾನ್. ಎಚ್‌ಡಿಗೆಂದು ಮಾಡಿದ ಲೆನ್ಸಿಗೆ ಅಷ್ಟು ಸಣ್ಣ ಗೆರೆ ಬಿಡಿಸಲು ಆಗುವುದಿಲ್ಲ, ಮೂಲೆಗಳಲ್ಲಂತೂ ಮೊದಲೇ ಕೈಬಿಡುತ್ತದೆ. ಪ್ರಸಾರ ಎಚ್‌ಡಿಯಲ್ಲೇ (1080/50ಐ) ಇರುವಷ್ಟು ದಿನ ಸುದ್ದಿಗೆ ಎಚ್‌ಡಿ ಲೆನ್ಸೇ ಸಾಕು ಎಂಬುದು ನಮ್ಮ ಅಭಿಪ್ರಾಯ. ಆದರೆ ಐರಿಸ್ ವಿಷಯದಲ್ಲಿ ಎರಡಕ್ಕೂ ಒಂದು ಎಚ್ಚರಿಕೆ: ಎಫ್11ರಲ್ಲಿ ಬೆಳಕಿನ ಬಿಂದು ಸುಮಾರು 15 ಮೈಕ್ರಾನಿಗೆ ಹರಡುತ್ತದೆ, ಅಂದರೆ ಎಚ್‌ಡಿಯ ಮೂರು ಚುಕ್ಕಿ. 4ಕೆಯಲ್ಲಿ ಎಫ್5.6ಕ್ಕೇ ಮೂರು ಚುಕ್ಕಿ. ಬಿಸಿಲಿನಲ್ಲಿ ಆಟೊ ಐರಿಸ್ ಎಫ್16ಕ್ಕೆ ಓಡಿದರೆ ಎಷ್ಟು ದುಬಾರಿ ಲೆನ್ಸಾದರೂ ಚಿತ್ರ ಮಂಕು. ಎನ್‌ಡಿ (ಬೆಳಕು ತಗ್ಗಿಸುವ ಬೂದು ಫಿಲ್ಟರ್) ಚಕ್ರ ತಿರುಗಿಸಿ ಎಫ್4–5.6ರಲ್ಲಿ ಇಡಿ.

ಬ್ಯಾಕ್ ಫೋಕಸ್

ಲೆನ್ಸ್ ಬದಲಿಸುವ ಕ್ಯಾಮೆರಾ ಕೊಂಡರೆ ಈ ಕೆಲಸ ಕಲಿಯದೆ ಗತಿಯಿಲ್ಲ. ಟೆಲಿಯಲ್ಲಿ ಚುರುಕಾಗಿದ್ದ ಫೋಕಸ್ ಅಗಲಕ್ಕೆ ಬಂದಾಗ ಮಸುಕಾದರೆ ‘ಲೆನ್ಸ್ ಹೋಯಿತು’ ಎಂದು ಸರ್ವಿಸಿಗೆ ಕಳಿಸುವವರಿದ್ದಾರೆ. ಹೆಚ್ಚಿನ ಸಲ ಹೋಗಿರುವುದು ಲೆನ್ಸಿನ ಹಿಂಭಾಗಕ್ಕೂ ಸೆನ್ಸರಿಗೂ ನಡುವಿನ ಅಂತರ, ಅದೂ ಮಿಲಿಮೀಟರಿನ ಚಿಕ್ಕ ಅಂಶದಷ್ಟು.

ಕ್ಯಾಮೆರಾವನ್ನು ಟ್ರೈಪಾಡ್ ಮೇಲಿಟ್ಟು 3 ಮೀಟರ್ ದೂರದಲ್ಲಿ ಸೀಮೆನ್ಸ್ ಸ್ಟಾರ್ ಚಾರ್ಟ್ (ನಡುವಿನಿಂದ ಕಪ್ಪುಬಿಳಿ ಕಿರಣಗಳು ಹರಡಿದ ಚಿತ್ರ) ಅಂಟಿಸಿ. ಎಕ್ಸ್‌ಟೆಂಡರ್ ತೆಗೆಯಿರಿ, ತೀರ ಹತ್ತಿರದ ಷಾಟಿಗೆ ಬಳಸುವ ಮ್ಯಾಕ್ರೊ ರಿಂಗ್ ತನ್ನ ಜಾಗದಲ್ಲಿ ಲಾಕ್ ಆಗಿದೆಯೇ ನೋಡಿ (ಎಷ್ಟೋ ಸಲ ಸಮಸ್ಯೆ ಇಷ್ಟೇ ಇರುತ್ತದೆ). ಐರಿಸ್ ಪೂರ್ತಿ ತೆರೆಯಿರಿ. ಚಿತ್ರ ಬೆಳ್ಳಗಾದರೆ ಎನ್‌ಡಿ ಹಾಕಿ ಅಥವಾ ಕೋಣೆಯ ಬೆಳಕು ತಗ್ಗಿಸಿ, ಐರಿಸ್ ಮಾತ್ರ ಮುಚ್ಚಬೇಡಿ. ಮುಚ್ಚಿದರೆ ಎಲ್ಲವೂ ಫೋಕಸಿನಲ್ಲಿದ್ದಂತೆ ಕಂಡು ಮೋಸವಾಗುತ್ತದೆ. ಪೂರ್ತಿ ಝೂಮ್ ಇನ್ ಮಾಡಿ ಮುಂದಿನ ಫೋಕಸ್ ರಿಂಗಿನಿಂದ ಚಾರ್ಟನ್ನು ಚುರುಕು ಮಾಡಿ. ಪೂರ್ತಿ ಝೂಮ್ ಔಟ್ ಮಾಡಿ, ಈಗ ಬ್ಯಾಕ್ ಫೋಕಸ್ ಹೊಂದಿಸುವ ಹಿಂದಿನ ಎಫ್‌ಎಫ್ ರಿಂಗಿನ ತಿರುಪು ಸಡಿಲಿಸಿ ಅದನ್ನು ಮಾತ್ರ ತಿರುಗಿಸಿ. ಫೋಕಸ್ ರಿಂಗ್ ಮುಟ್ಟಬೇಡಿ. ಮತ್ತೆ ಇನ್, ಮತ್ತೆ ಔಟ್; ಎರಡೂ ತುದಿಯಲ್ಲಿ ಏನೂ ಬದಲಿಸಬೇಕಾಗದ ತನಕ. ಕೊನೆಗೆ ತಿರುಪು ಬಿಗಿಮಾಡಿ, ಬಿಗಿಮಾಡುವಾಗಲೇ ಅದು ಕದಲಿತೇ ಎಂದು ಇನ್ನೊಮ್ಮೆ ನೋಡಿ. ಎಸಿ ಕಾರಿನಿಂದ ನೇರ ಬಿಸಿಲಿಗೆ ಬಂದ ಕ್ಯಾಮೆರಾದಲ್ಲಿ ಇದನ್ನು ಮಾಡಬೇಡಿ, ಲೋಹ ಹದಕ್ಕೆ ಬರಲು ಸಮಯ ಕೊಡಿ.

ಹ್ಯಾಂಡ್‌ಹೆಲ್ಡ್ ಕ್ಯಾಮೆರಾದಲ್ಲಿ ಈ ರಗಳೆ ಇಲ್ಲ. ಸುದ್ದಿ ತಂಡಗಳಿಗೆ ಅದನ್ನು ಶಿಫಾರಸು ಮಾಡಲು ಇದೂ ಒಂದು ಕಾರಣ.

ಸ್ಟುಡಿಯೊದ ತಂತಿ

ಕ್ಯಾಮ್‌ಕಾರ್ಡರನ್ನು ಸ್ಟುಡಿಯೊದಲ್ಲಿ ನಿಲ್ಲಿಸಿದರೆ ಚಿತ್ರ ಪಿಸಿಆರ್‌ಗೆ ಹೋಗುವುದು ಸುಲಭ, ಒಂದು ಎಸ್‌ಡಿಐ (ಪ್ರಸಾರದವರು ಬಳಸುವ ಡಿಜಿಟಲ್ ವಿಡಿಯೊ) ಕೇಬಲ್ ಸಾಕು. ಕಷ್ಟ ಇರುವುದು ಹಿಂದಕ್ಕೆ ಬರಬೇಕಾದ್ದರಲ್ಲಿ: ಟ್ಯಾಲಿ ದೀಪ (ಯಾವ ಕ್ಯಾಮೆರಾ ಪ್ರಸಾರದಲ್ಲಿದೆ ಎಂದು ತೋರಿಸುವುದು), ಇಂಟರ್‌ಕಾಮ್, ರಿಟರ್ನ್ ವಿಡಿಯೊ (ಪ್ರಸಾರದಲ್ಲಿರುವ ಚಿತ್ರ), ಪ್ರಾಂಪ್ಟರ್, ಜೆನ್‌ಲಾಕ್ (ಎಲ್ಲ ಕ್ಯಾಮೆರಾಗಳ ಫ್ರೇಮನ್ನು ಒಂದೇ ತಾಳಕ್ಕೆ ತರುವ ಸಿಗ್ನಲ್), ಐರಿಸ್ ಕಂಟ್ರೋಲ್. ಹೆಗಲ ಕ್ಯಾಮೆರಾಗಳಿಗೆ ಹಿಂದೆ ಸಿಕ್ಕಿಸುವ ಫೈಬರ್ ಅಡಾಪ್ಟರ್ ಸಿಗುತ್ತದೆ, ಒಂದೇ ಕೇಬಲ್ಲಿನಲ್ಲಿ ಚಿತ್ರ ಸಿಸಿಯುಗೆ (ಕ್ಯಾಮೆರಾ ಕಂಟ್ರೋಲ್ ಯೂನಿಟ್) ಹೋಗುತ್ತದೆ, ಇದೆಲ್ಲ ಅಲ್ಲಿಂದ ಹಿಂದಕ್ಕೆ ಬರುತ್ತದೆ. ಆ ಹೈಬ್ರಿಡ್ ಕೇಬಲ್ಲಿನಲ್ಲಿ ಎರಡು ಫೈಬರ್, ಜೊತೆಗೆ ವಿದ್ಯುತ್ತಿನ ಮತ್ತು ಸಿಗ್ನಲ್ಲಿನ ತಾಮ್ರದ ತಂತಿ ಇರುತ್ತವೆ. ಕನೆಕ್ಟರಿನ ತುದಿಗೆ ಧೂಳು ಕೂತರೆ ಚಿತ್ರ ಬಿಟ್ಟು ಬಿಟ್ಟು ಬರುತ್ತದೆ. ಬಾಯಿಂದ ಊದದೆ ಫೈಬರ್ ಒರೆಸುವ ಪೆನ್ನಿಂದ ಒರೆಸಿ, ತೆಗೆದಾಗೆಲ್ಲ ಕ್ಯಾಪ್ ಹಾಕಿ.

ಹ್ಯಾಂಡ್‌ಹೆಲ್ಡ್‌ಗಳಲ್ಲಿ ಕೆಲವಕ್ಕೆ ಜೆನ್‌ಲಾಕ್ ಇನ್‌ಪುಟ್ಟೇ ಇಲ್ಲ. ಸ್ವಿಚರಿನಲ್ಲಿ (ಒಂದು ಕ್ಯಾಮೆರಾದಿಂದ ಇನ್ನೊಂದಕ್ಕೆ ಬದಲಿಸುವ ಯಂತ್ರ) ಪ್ರತಿ ಇನ್‌ಪುಟ್ಟಿಗೂ ಫ್ರೇಮ್ ಸಿಂಕ್ ಇದ್ದರೆ ನಡೆಯುತ್ತದೆ, ಆದರೆ ಚಿತ್ರ ಒಂದು ಫ್ರೇಮ್, ಅಂದರೆ 40 ಮಿಲಿಸೆಕೆಂಡಿನವರೆಗೆ ತಡವಾಗುತ್ತದೆ, ಆಡಿಯೊವನ್ನೂ ಅಷ್ಟೇ ತಡ ಮಾಡಬೇಕು. ಕೊಳ್ಳುವ ಮುನ್ನ ಬಾಡಿಯ ಹಿಂಭಾಗದ ಚಿತ್ರ ತೆಗೆದುಕೊಂಡು ಬಿಎನ್‌ಸಿಗಳನ್ನು (ತಿರುಗಿಸಿ ಲಾಕ್ ಮಾಡುವ ದುಂಡು ಕನೆಕ್ಟರ್) ಎಣಿಸಿ.

ಆರ್‌ಸಿಪಿ (ಐರಿಸ್, ಬಣ್ಣ ತಿದ್ದುವ ರಿಮೋಟ್ ಪ್ಯಾನೆಲ್) ಒಂದು ಕಂಪನಿಯದು, ಕ್ಯಾಮೆರಾ ಇನ್ನೊಂದರದು ಆದರೆ ಸಾಮಾನ್ಯವಾಗಿ ಮಾತಾಡುವುದಿಲ್ಲ. ಈಗಾಗಲೇ ಎರಡು ಸೋನಿ ಇದ್ದರೆ ಮೂರನೆಯದು ಎಷ್ಟೇ ಅಗ್ಗಕ್ಕೆ ಸಿಕ್ಕರೂ ಬೇರೆ ಬ್ರ್ಯಾಂಡ್ ಬೇಡ. ಬಣ್ಣ ಹೊಂದಿಸಲು ದಿನಾ ಹೋಗುವ ಸಮಯ ಆ ಉಳಿತಾಯವನ್ನು ನುಂಗುತ್ತದೆ. ಒಂದೇ ಬಾಡಿಗೆ ಬೇರೆ ಬೇರೆ ಲೆನ್ಸ್ ಹಾಕಿದರೂ ಚಿತ್ರದ ಮೇಲ್ಗಡೆ ಹಸಿರು, ಕೆಳಗಡೆ ಮಜೆಂಟಾ ಛಾಯೆ ಬರಬಹುದು. ಅದಕ್ಕೆ ಸಮವಾಗಿ ಬೆಳಗಿದ ಬಿಳಿ ಹಲಗೆ ತೋರಿಸಿ, ವೇವ್‌ಫಾರ್ಮ್ (ಚಿತ್ರದ ಬೆಳಕಿನ ಗ್ರಾಫ್) ನೋಡುತ್ತ ವೈಟ್ ಶೇಡಿಂಗ್ ಸರಿಮಾಡಿ, ಆ ಲೆನ್ಸಿನ ಹೆಸರಲ್ಲೇ ಲೆನ್ಸ್ ಫೈಲ್ ಉಳಿಸಿ. ಎಕ್ಸ್‌ಟೆಂಡರ್ ಹಾಕಿದಾಗಿನದು ಬೇರೆಯಾಗಿ.

ಹಿಂದೆ ಎಲ್‌ಇಡಿ ವಾಲ್ ಇದ್ದರೆ ಸೆನ್ಸರಿನ ಗಾತ್ರ ತಟ್ಟನೆ ಮುಖ್ಯವಾಗುತ್ತದೆ. ವಾಲ್ ಫೋಕಸಿಗೆ ಬಂದರೆ ಅದರ ಚುಕ್ಕಿಗಳೂ ಸೆನ್ಸರಿನ ಪಿಕ್ಸೆಲ್‌ಗಳೂ ಸೇರಿ ಮೂಡುವ ‘ಮ್ವಾರೇ’ ಗೆರೆಗಳು ಕುಣಿಯುತ್ತವೆ. ಆ್ಯಂಕರ್ 3.5 ಮೀಟರಿನಲ್ಲಿ, ವಾಲ್ ಅವರ ಹಿಂದೆ ಎರಡೂವರೆ ಮೀಟರಿನಲ್ಲಿ, 2/3 ಇಂಚಿನ ಕ್ಯಾಮೆರಾ ಎಫ್2.8ರಲ್ಲಿ ಇದ್ದರೆ ವಾಲಿನ ಒಂದೊಂದು ಬಿಂದುವೂ ಆರೇಳು ಪಿಕ್ಸೆಲ್ಲಿಗೆ ಹರಡಿ ಗೆರೆ ಮಾಯವಾಗುತ್ತದೆ. 1/3 ಇಂಚಿನ ಕ್ಯಾಮೆರಾದಲ್ಲಿ ಅದೇ ಫ್ರೇಮು, ಅದೇ ಐರಿಸ್‌ಗೆ ಮಸುಕು ಅದರರ್ಧ. ಆ್ಯಂಕರನ್ನು ವಾಲಿಗೆ ಅಂಟಿಸಿ ಕೂರಿಸುವ ಸೆಟ್‌ನಲ್ಲಿ ಯಾವ ಕ್ಯಾಮೆರಾ ತಂದರೂ ಪ್ರಯೋಜನವಿಲ್ಲ.

ಸುದ್ದಿಯವರು ನೋಡಬೇಕಾದ್ದು

ಪತ್ರಿಕಾಗೋಷ್ಠಿಯಲ್ಲಿ ಸ್ಟಿಲ್ ಫ್ಲ್ಯಾಷ್ ಹೊಡೆದಾಗ ಫ್ರೇಮಿನ ಅರ್ಧ ಮಾತ್ರ ಬೆಳ್ಳಗಾಗುವುದನ್ನು ಎಲ್ಲರೂ ಕಂಡಿದ್ದೇವೆ. ಸಿಮಾಸ್ ಸೆನ್ಸರ್ ಗೆರೆಗೆರೆಯಾಗಿ ಓದುತ್ತದೆ, ಫ್ಲ್ಯಾಷ್ ನಡುವೆ ಬಂದು ಹೋಗುತ್ತದೆ. ಗ್ಲೋಬಲ್ ಷಟರ್ (ಇಡೀ ಫ್ರೇಮನ್ನು ಒಮ್ಮೆಗೇ ಹಿಡಿಯುವುದು) ಇರುವ ಝಡ್750ಯಂಥದರಲ್ಲಿ ಈ ಪಟ್ಟಿ ಬರುವುದಿಲ್ಲ, ಹಳೆಯ ಸಿಸಿಡಿ ಕ್ಯಾಮೆರಾಗಳಲ್ಲೂ ಬರುವುದಿಲ್ಲ. ಪಟ್ಟಿಗಾಗಿಯೇ ಅಷ್ಟು ದುಡ್ಡು ಸುರಿಯಬೇಕೇ ಎಂದರೆ, ಬೇಡ. ನೋಡುಗರು ಒಗ್ಗಿಕೊಂಡಿದ್ದಾರೆ.

ಕೋಡೆಕ್‌ಗಿಂತ ಕಳಿಸುವ ವೇಗ ಮುಖ್ಯ. 50 ಎಂಬಿಪಿಎಸ್‌ನ ಒಂದು ನಿಮಿಷದ ಕ್ಲಿಪ್ 375 ಎಂಬಿ. ಹೊರಹೋಗುವ ಲೈನ್ 10 ಎಂಬಿಪಿಎಸ್ ಇದ್ದರೆ ಅದು ಹೋಗಲು ಐದು ನಿಮಿಷ. ಜೊತೆಜೊತೆಗೆ 8 ಎಂಬಿಪಿಎಸ್ ಆಸುಪಾಸಿನ ಪ್ರಾಕ್ಸಿ (ಅದೇ ದೃಶ್ಯದ ಹಗುರ ಪ್ರತಿ) ರೆಕಾರ್ಡ್ ಮಾಡಿ ಇಂಟರ್ನೆಟ್‌ನಲ್ಲಿ ಎಫ್‌ಟಿಪಿ ಮೂಲಕ ಕಳಿಸುವ ಕ್ಯಾಮೆರಾದಲ್ಲಿ ಒಂದು ನಿಮಿಷದೊಳಗೆ ಮುಗಿಯುತ್ತದೆ. ಬ್ಯಾಕ್‌ಪ್ಯಾಕ್‌ನಲ್ಲಿ (ಮೊಬೈಲ್ ನೆಟ್‌ವರ್ಕ್ ಮೂಲಕ ಚಿತ್ರ ಕಳಿಸುವ ಬೆನ್ನುಚೀಲ) ಲೈವ್ ಕೊಡುವವರಿಗೆ ಬೇಕಾದ್ದು ಗಟ್ಟಿಯಾದ ಎಸ್‌ಡಿಐ ಬಿಎನ್‌ಸಿ. ಎಚ್‌ಡಿಎಂಐ ಮಾತ್ರ ಇರುವುದನ್ನು ಸುದ್ದಿಗೆ ತರಬೇಡಿ, ತಳ್ಳಾಟದಲ್ಲಿ ಮೊದಲು ಕಳಚುವುದು ಅದೇ.

ಬ್ಯಾಟರಿ: ಹೆಗಲ ಕ್ಯಾಮೆರಾ, ವ್ಯೂಫೈಂಡರ್, ಲೆನ್ಸ್ ಸೇರಿ 30 ವ್ಯಾಟ್ ಎಂದುಕೊಂಡರೆ 95 ವ್ಯಾಟ್‌ಅವರ್‌ನ ವಿ ಮೌಂಟ್ ಬ್ಯಾಟರಿ (ಕ್ಯಾಮೆರಾ ಬೆನ್ನಿಗೆ ಸಿಕ್ಕಿಸುವಂಥದ್ದು) ಹೊಸದರಲ್ಲಿ ಮೂರು ಗಂಟೆ, ಹಳತಾದಂತೆ ಎರಡಕ್ಕೆ ಇಳಿಯುತ್ತದೆ. ವಿಮಾನದಲ್ಲಿ ಹೋಗುವವರು 100 ವ್ಯಾಟ್‌ಅವರ್ ಮೀರದ್ದನ್ನೇ ಕೊಳ್ಳಿ. ಅದಕ್ಕೂ ದೊಡ್ಡದಕ್ಕೆ, 160 ವ್ಯಾಟ್‌ಅವರ್‌ವರೆಗೆ, ಏರ್‌ಲೈನ್ ಅನುಮತಿ ಬೇಕು. ಯಾವುದನ್ನೂ ಚೆಕ್‌ಇನ್ ಲಗೇಜಿನಲ್ಲಿ ಹಾಕುವಂತಿಲ್ಲ.

ಸೆಕೆಂಡ್‌ಹ್ಯಾಂಡ್

ಹೊಸ ಲೆನ್ಸಿನ ಬೆಲೆ ಕೇಳಿದವರು ಇಲ್ಲಿಗೇ ಬರುತ್ತಾರೆ, ತಪ್ಪೇನಿಲ್ಲ. ಮುಂದಿನಿಂದ ಟಾರ್ಚ್ ಹಾಕಿ ಹಿಂದಿನಿಂದ ನೋಡಿ: ಧೂಳಿನ ಚುಕ್ಕಿ ಪರವಾಗಿಲ್ಲ, ಜೇಡರ ಬಲೆಯಂಥ ಎಳೆ ಕಂಡರೆ ಫಂಗಸ್, ಬಿಟ್ಟುಬಿಡಿ. ಮಂಗಳೂರು, ಉಡುಪಿ, ಕಾರವಾರದ ಮಳೆಗಾಲ ಕಂಡ ಲೆನ್ಸಿನಲ್ಲಿ ಇದನ್ನು ಕಡ್ಡಾಯವಾಗಿ ನೋಡಬೇಕು. ಆಮೇಲೆ ಕ್ಯಾಮೆರಾಗೆ ಹಾಕಿ, ಚಾರ್ಟಿನ ನಡುವಿಗೆ ವ್ಯೂಫೈಂಡರಿನ ಸೆಂಟರ್ ಮಾರ್ಕರ್ ಇಟ್ಟು ಟೆಲಿಯಿಂದ ವೈಡಿಗೆ ನಿಧಾನ ಬನ್ನಿ. ನಡು ಪಕ್ಕಕ್ಕೆ ಸರಿದರೆ ಲೆನ್ಸ್ ಎಲ್ಲೋ ಬಿದ್ದಿದೆ. ಝೂಮ್ ರಾಕರನ್ನು ಅತಿ ಮೆಲ್ಲಗೆ ಒತ್ತಿ: ಆರಂಭದಲ್ಲಿ ಜಗ್ಗಿದರೆ ಸರ್ವೊ ಸವೆದಿದೆ. ಐರಿಸನ್ನು ಆಟೊದಲ್ಲಿಟ್ಟು ಕಿಟಕಿಯತ್ತ ತಿರುಗಿಸಿ ಮತ್ತೆ ಒಳಗೆ ತನ್ನಿ. ಹಿಂದೆಮುಂದೆ ತಡಕಾಡದೆ ಒಮ್ಮೆಗೇ ನಿಲ್ಲಬೇಕು. ಎಕ್ಸ್‌ಟೆಂಡರ್ ಹಾಕಿದಾಗ ಫೋಕಸ್ ಹಾಗೇ ಉಳಿಯಬೇಕು.

ಹಳೆಯ ಬಾಡಿಗಳಲ್ಲಿ ಸೋನಿಯ ಪಿಡಿಡಬ್ಲ್ಯು-700 ಬಗ್ಗೆ ಒಂದು ಮಾತು. ಡಿಸ್ಕಿಗೆ ರೆಕಾರ್ಡ್ ಮಾಡುವ, 2/3 ಇಂಚಿನ ಮೂರು ಸಿಸಿಡಿಯ ಕ್ಯಾಮೆರಾ ಅದು. ಡಿಸ್ಕ್ ಡ್ರೈವ್ ಸೋತದ್ದು ಸುದ್ದಿಗೆ ಕೆಲಸಕ್ಕೆ ಬಾರದು. ಆದರೆ ಎಸ್‌ಡಿಐ ಚಿತ್ರ ಸರಿಯಿದ್ದರೆ ಸ್ಟುಡಿಯೊದ ಮೂರನೇ ಕ್ಯಾಮೆರಾಗೆ ಇದಕ್ಕಿಂತ ಅಗ್ಗದ ದಾರಿ ಕಡಿಮೆ.

ಹಾಗಾದರೆ ಯಾರಿಗೆ ಯಾವುದು

ಜಿಲ್ಲಾ ವರದಿಗಾರರ ತಂಡಕ್ಕೆ ಮೂರು ಚಿಪ್ಪಿನ ಹ್ಯಾಂಡ್‌ಹೆಲ್ಡ್. ರಾತ್ರಿ ಕೆಲಸ ಹೆಚ್ಚಿದ್ದರೆ ಝಡ್190ಕ್ಕಿಂತ ಝಡ್280. ಒಂಟಿಯಾಗಿ ಓಡಾಡಿ ಮೊಬೈಲ್ ಚಾನೆಲ್‌ಗೆ ಸಂದರ್ಶನ ಮಾಡುವವರಿಗೆ 1 ಇಂಚಿನದು, ಅವರಿಗೆ ಮುಖ ಹಿಂಬಾಲಿಸುವ ಆಟೊಫೋಕಸ್ ಬೇಕೇ ಬೇಕು. ಬಿ4 ಲೆನ್ಸಿನಲ್ಲಿ ಅದನ್ನು ನಿರೀಕ್ಷಿಸಬೇಡಿ. ದಿನವಿಡೀ ಬುಲೆಟಿನ್ ನಡೆಸುವ ಸ್ಟುಡಿಯೊಗೆ ರೆಕಾರ್ಡರ್ ಇಲ್ಲದ ಸಿಸ್ಟಂ ಕ್ಯಾಮೆರಾವೇ ಸರಿ, ಕ್ಯಾಮ್‌ಕಾರ್ಡರ್ ಬೇಡವೇ ಬೇಡ.

ಬೆಳಿಗ್ಗೆ ಸ್ಟುಡಿಯೊ, ಮಧ್ಯಾಹ್ನ ಹೊರಗೆ ಎಂದು ಒಂದೇ ಸೆಟ್ ಓಡಿಸಬೇಕಾದ ಚಿಕ್ಕ ಚಾನೆಲ್‌ಗಳು ಮಾತ್ರ 2/3 ಇಂಚಿನ ಹೆಗಲ ಕ್ಯಾಮೆರಾ, 20 ಪಟ್ಟಿನ ಆಸುಪಾಸಿನ ಎಕ್ಸ್‌ಟೆಂಡರ್ ಇರುವ ಲೆನ್ಸ್, ಸೆಮಿ ಸರ್ವೊ ಕಿಟ್ ಕೊಳ್ಳಲಿ. ಪರ್ಚೇಸ್ ಆರ್ಡರಿನಲ್ಲಿ ಲೆನ್ಸಿನ ಪೂರ್ತಿ ಕೋಡನ್ನು ಕೊನೆಯ ಅಕ್ಷರದವರೆಗೆ ಬರೆಸಿ. ಜೊತೆಗೆ ಟ್ರೈಪಾಡ್ ಪ್ಲೇಟ್ ಎರಡು: ಒಂದು ಸ್ಟುಡಿಯೊ ಪೆಡೆಸ್ಟಲ್ ಮೇಲೇ ಇರಲಿ, ಇನ್ನೊಂದು ಕಾರಿನ ಟ್ರೈಪಾಡಿನಲ್ಲಿ.